ದೇಚವ್ವ ಕಿವಿಯಿಟ್ಟ ಭರಣಿ

ನಾನು ಒಂದು ಭರಣಿ. ಮಣ್ಣಿನ ಮೈ, ಮೇಲೆ ಕಂದು ಬಣ್ಣದ ಹೊಳಪು. ಬೆಂದದ್ದು ಯಾವ ಊರಿನಲ್ಲಿ ಎಂದು ಕೇಳಿದರೆ ಗೊತ್ತಿಲ್ಲ. ಗೂಡಿನೊಳಗೆ ಕತ್ತಲಿತ್ತು, ಆಮೇಲೆ ಲಾರಿಯ ಹುಲ್ಲಿನೊಳಗೂ ಕತ್ತಲೇ. ಮೊದಲು ಕುಶಾಲನಗರದ ಒಂದು ಹೋಟೆಲಿನಲ್ಲಿ ನಿಂಬೆ ಉಪ್ಪಿನಕಾಯಿ ಹೊತ್ತು ಕೂತಿದ್ದೆ. ಹೋಟೆಲು ಮುಚ್ಚಿದಾಗ ಮಡಿಕೇರಿಯ ದೇಚವ್ವ ನನ್ನನ್ನು ಕೊಂಡು ತಂದಳು. ವಾಸನೆ ಹೋಗಲೆಂದು ಬೂದಿ ಹಾಕಿ ಉಜ್ಜಿ ಬಿಸಿಲಿಗಿಟ್ಟಳು. ಅಷ್ಟು ಬಿಸಿಲು ನಾನು ಮತ್ತೆ ಕಾಣಲಿಲ್ಲ.

ಅವಳ ಮನೆಯ ಮುಂಭಾಗವೇ ಅಂಗಡಿ. ಮನೆಯಲ್ಲಿ ಮಾಡಿದ ವೈನನ್ನು ಊರು ನೋಡಲು ಬಂದವರಿಗೆ ಮಾರುವುದು. ನನ್ನೊಳಗೆ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ ಹಾಕಿ ಬಾಯಿಗೆ ತೆಳು ಬಟ್ಟೆ ಕಟ್ಟುವರು. ದ್ರಾಕ್ಷಿ ಹುಳಿಯುವಾಗ ಗುಳ್ಳೆ ಎದ್ದು ಸಣ್ಣಗೆ ಸದ್ದಾಗುತ್ತದೆ. ಆ ಸದ್ದು ನಿಲ್ಲುವ ತನಕ ಮುಚ್ಚಳ ಬಿಗಿಯಬಾರದು. ನಿಂತಿತೋ ಇಲ್ಲವೋ ಹೇಳುವವಳು ದೇಚವ್ವ. ನನ್ನ ಹೊಟ್ಟೆಗೆ ಕಿವಿಯಿಟ್ಟು ಕೇಳಿ ಅವಳು ಹೂಂ ಅಂದರೇ ಮೇಣ ಹಾಕುವುದು.

ಗಂಡ ತೀರಿಕೊಂಡ ಮೇಲೆ ಅಡುಗೆ, ಅಂಗಡಿ, ಬೀಗದ ಕೈ ಎಲ್ಲ ಸೊಸೆ ಬೊಳ್ಳಮ್ಮನ ಪಾಲಾಯಿತು. ಮುದುಕಿಗೆ ಉಳಿದದ್ದು ಈ ಒಂದು ಮಾತು. ಅದೂ ಹೋದೀತೆಂದು, ಕಿವಿ ಮಂದವಾದದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಸೊಸೆಯ ತುಟಿ ನೋಡಿಕೊಂಡು ಉತ್ತರ ಕೊಡುತ್ತಿದ್ದಳು. ನನಗೆ ತಿಳಿದದ್ದು ಆ ವರ್ಷದ ಮಳೆಗಾಲದಲ್ಲಿ. ಒಳಗೆ ಇನ್ನೂ ಕುದಿಯುತ್ತಿದೆ. ಅವಳು ಕಿವಿಯಿಟ್ಟು, ಕಣ್ಣು ಮುಚ್ಚಿ, ಸುಮ್ಮನಾಗಿದೆ, ಕಟ್ಟು ಅಂದಳು. ಬೊಳ್ಳಮ್ಮ ಮೇಣ ಸುರಿದು ಹಗ್ಗ ಬಿಗಿದಳು.

ಬಾಯಿ ಕಟ್ಟಿದ ಮೇಲೆ ನಾನು ಯಾರಿಗೆ ಹೇಳಲಿ? ಉಸಿರಿಗೆ ದಾರಿಯಿಲ್ಲ. ಒಳಗಿನದು ಮೈಯನ್ನೆಲ್ಲ ಒತ್ತುತ್ತಿತ್ತು. ಹೊರಗೆ ಮಳೆ ಬಿಡುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಹಾವೇರಿಯ ಗಂಡಹೆಂಡತಿ ಬಂದು ಅಂಗಡಿಯಲ್ಲೇ ಸಿಕ್ಕಿಕೊಂಡರು. ಊರು ನೋಡಲು ಬಂದು ಲಾಡ್ಜಿನ ಗೋಡೆ ನೋಡಿದ್ದೇ ಬಂತಂತೆ. ಬೊಳ್ಳಮ್ಮ ಪುಟ್ಟ ಲೋಟಗಳಲ್ಲಿ ರುಚಿಗೆ ಕೊಟ್ಟಳು.

"ಕೆಮ್ಮಿನ ಔಷಧ ಇದ್ದಂಗ ಐತ್ರಿ. ಇನ್ನೊಂದು ಹನಿ ಹಾಕ್ರಿ" ಅಂದ ಗಂಡ.

"ನಿಮಗ ಕೆಮ್ಮು ಯಾವಾಗ ಬಂತು?" ಅಂದಳು ಹೆಂಡತಿ ನೀಲವ್ವ.

ಅವರ ಬಟ್ಟೆ ಆರಲೆಂದು ಬೊಳ್ಳಮ್ಮ ಕೆಂಡದ ಅಗ್ಗಿಷ್ಟಿಕೆ ತಂದಿಟ್ಟಳು, ನನ್ನ ಮಗ್ಗುಲಲ್ಲೇ. ಶಾಖ ತಾಗಿ ಒಳಗಿನದಕ್ಕೆ ಹುಚ್ಚು ಹಿಡಿಯಿತು. ಸೆರಗು ಒಣಗಿಸುತ್ತಿದ್ದ ನೀಲವ್ವ, ಇದರೊಳಗ ಏನೋ ಸುಂಯ್ ಅಂತೈತಲ್ಲ ಅಂದಳು. ಬೊಳ್ಳಮ್ಮ ಅತ್ತೆಯ ಕಡೆ ತಿರುಗಿದಳು.

"ಮಾವಿ, ನೀವು ಕೇಳಿಯೇ ಹೇಳಿದ್ದಲ್ವಾ?"

ಮುದುಕಿ ತುಟಿ ಓದಿಕೊಂಡಳು. ಅದು ಮಾಡಿನ ಮೇಲಿನ ಮಳೆ ಅಂದು, ಬೆನ್ನು ಹಾಕಿ ಲೋಟ ತೊಳೆಯತೊಡಗಿದಳು.

ಆಗ ನಾನು ಒಡೆದೆ. ಕೆಂಡ ಚುಂಯ್ ಎಂದಿತು, ವೈನು ನೆಲವೆಲ್ಲ ಹರಿಯಿತು, ಮೂವರೂ ಹಾರಿ ನಿಂತರು. ದೇಚವ್ವ ಲೋಟ ತೊಳೆಯುತ್ತಲೇ ಇದ್ದಳು. ತಣ್ಣಗೆ ಕಾಲಿಗೆ ತಾಗಿದಾಗ ಕೆಳಗೆ ನೋಡಿದಳು, ಆಮೇಲೆ ಎಲ್ಲರ ಮುಖ ನೋಡಿದಳು. ನೀಲವ್ವ, ನನ್ನ ಕೈ ತಾಗಿ ಒಡೀತೇನೋ ಅಂದಳು.

"ನಿನ್ನ ಕೈ ಅಲ್ಲ ಮಗಳೇ, ನನ್ನ ಕಿವಿ" ಅಂದಳು ದೇಚವ್ವ. "ಹೋಗಿ ವರ್ಷವಾಯ್ತು."

ಬೊಳ್ಳಮ್ಮ ಬಟ್ಟೆ ತಂದು ನೆಲ ಒರೆಸಿದಳು.

ಈಗ ನಾನು ಹಿತ್ತಲಿನ ಮೂಲೆಯಲ್ಲಿದ್ದೇನೆ. ಬಿದ್ದ ಮಳೆ ಬಿರುಕಿನಲ್ಲಿ ಹರಿದುಹೋಗುತ್ತದೆ. ಮೈಯಲ್ಲಿ ಏನೂ ನಿಲ್ಲದಿರುವುದೂ ಒಂದು ಸುಖ ಎಂದು ಮುಪ್ಪಿನಲ್ಲಿ ಕಲಿತೆ. ಬಾಗಿಲು ತೆರೆದಿದ್ದರೆ ಹೊಸ ಭರಣಿ ಕಾಣುತ್ತದೆ. ಬೊಳ್ಳಮ್ಮ ಅತ್ತೆಯ ಅಂಗೈ ಹಿಡಿದು ಅದರ ಹೊಟ್ಟೆಯ ಮೇಲಿಡುತ್ತಾಳೆ. ಮುದುಕಿ ತುಂಬ ಹೊತ್ತು ನಿಂತು, ಇನ್ನೂ ನಡುಗ್ತಿದೆ, ಕಟ್ಟಬೇಡ ಅನ್ನುತ್ತಾಳೆ. ಸೊಸೆ ಕಟ್ಟುವುದಿಲ್ಲ.

ಅತ್ತೆ ಒಳಗೆ ಹೋದ ಮೇಲೆ ಬೊಳ್ಳಮ್ಮ ತಾನೂ ಒಮ್ಮೆ ಬಗ್ಗಿ ಕಿವಿಯಿಡುತ್ತಾಳೆ. ನಾನು ನೋಡಿದ್ದೇನೆ. ದೇಚವ್ವನಿಗೆ ಅದು ತಿಳಿಯುವುದು ಬೇಡ.