ಮಾತು ಕಲಿಯುತ್ತಿದ್ದ ಪೈಲಟ್

ನನ್ನ ಗಂಡ ಆಖಿಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಕಂಪ್ಯೂಟರಿನೊಳಗಿನ ಅವನ ಪೈಲಟ್ ಮಾತ್ರ ಒಂದು ದಿನವೂ ರಜೆ ಹಾಕದೆ ಕಲಿಯುತ್ತಲೇ ಇದ್ದ. ಆ ಆಟವೇ ಅಂಥದ್ದು. ನಕ್ಷತ್ರಗಳ ನಡುವೆ ಹಡಗು ಓಡಿಸುವ ಆಟ; ಎಲ್ಲೆಲ್ಲಿಯವರೋ ಸಾವಿರಾರು ಜನ ಒಂದೇ ಆಕಾಶಕ್ಕೆ ಬಂದು ಕಿತ್ತಾಡುತ್ತಾರೆ. ಅಲ್ಲಿ ವಿದ್ಯೆಯನ್ನು ಆಡಿ ಕಲಿಯುವುದಲ್ಲ. ಇದಾದ ಮೇಲೆ ಇದು, ಆಮೇಲೆ ಅದು ಎಂದು ಸಾಲಾಗಿ ಜೋಡಿಸಿ ಬಿಟ್ಟರೆ ಸಾಕು, ನೀವು ಉಣ್ಣುವಾಗ, ಗೊರಕೆ ಹೊಡೆಯುವಾಗ, ಗಣಿಯ ಪಾಳಿಯಲ್ಲಿ ಇರುವಾಗ ಪೈಲಟ್ ತಾನಾಗಿ ಕಲಿಯುತ್ತಾನೆ. ಸಣ್ಣ ವಿದ್ಯೆಗೆ ಗಂಟೆಗಳು, ದೊಡ್ಡದಕ್ಕೆ ತಿಂಗಳುಗಳು, ಬಹಳ ದೊಡ್ಡದಕ್ಕೆ ವರ್ಷಗಳು. ಹಾಗಾಗಿ ಈ ಆಟದವರು ಆಡುವುದಕ್ಕಿಂತ ಯೋಜನೆ ಹಾಕುವುದೇ ಹೆಚ್ಚು. ಮಗಳ ಮದುವೆಗೂ ಯಾರೂ ಅಷ್ಟು ತಲೆ ಕೆಡಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಆ ಆಟ ನನಗೆ ಸವತಿಯಿದ್ದ ಹಾಗೆ. ನಾವು ಮದುವೆಯಾದ ಕಾಲದಲ್ಲಿ ಈ ಸಾಲು ಜೋಡಿಸುವ ಅನುಕೂಲವೂ ಇರಲಿಲ್ಲ. ಒಂದು ವಿದ್ಯೆ ಮುಗಿದರೆ ಖುದ್ದಾಗಿ ಬಂದು ಮುಂದಿನದನ್ನು ಹಚ್ಚಬೇಕಿತ್ತು, ಇಲ್ಲದಿದ್ದರೆ ಪೈಲಟ್ ಸುಮ್ಮನೆ ಕೂತಿರುತ್ತಿದ್ದ. ಮದುವೆಯಾದ ವಾರ ಬಾಲ್ಟಿಕ್ ಕಡಲಿಗೆ ಹೋಗಿದ್ದೆವು. ನೀರಿನಲ್ಲಿ ನನ್ನ ಕೈ ಹಿಡಿದು ನಿಂತಿದ್ದವನು ಗಡಿಯಾರ ನೋಡಿಕೊಂಡು, ಅಯ್ಯೋ, ಫಿರಂಗಿ ವಿದ್ಯೆ ಮುಗೀತು ಎಂದು ಒದ್ದೆ ಚಡ್ಡಿಯಲ್ಲೇ ಊರೊಳಗೆ ಇಂಟರ್ನೆಟ್ ಅಂಗಡಿ ಹುಡುಕಿಕೊಂಡು ಓಡಿದ. ನಾನು ಮರಳ ಮೇಲೆ ಕೂತು ಅವನ ಪಾಲಿನ ಐಸ್‌ಕ್ರೀಮನ್ನೂ ತಿಂದು ಮುಗಿಸಿದೆ. ಇಂಥವನನ್ನು ಕಟ್ಟಿಕೊಂಡೆನಲ್ಲ ಎಂದು ಅವತ್ತು ಹೊಟ್ಟೆ ಉರಿದಿತ್ತು.

ಅವನ ತಂಡದ ಯಜಮಾನ ವಿತೋಲ್ದ, ಓಪೊಲೆ ಎಂಬ ಊರಲ್ಲಿ ಶಾಲೆಯ ಮೇಷ್ಟ್ರು, ನಮಗಿಂತ ಚಿಕ್ಕವನು. ಬೇಸಿಗೆಗೆ ಒಮ್ಮೆ ತಂಡದವರೆಲ್ಲ ನಮ್ಮೂರು ಬಿತೋಮ್‌ನ ನಮ್ಮ ಕೈತೋಟಕ್ಕೆ ಬಂದು ಸಾಸೇಜ್ ಸುಟ್ಟುಕೊಂಡು, ಬಿಯರ್ ಕುಡಿದು, ನನ್ನ ಟೊಮೆಟೊ ಗಿಡಗಳನ್ನು ತುಳಿದು ಹೋಗುತ್ತಿದ್ದರು. ಆಟದೊಳಗೆ ಎಲ್ಲರೂ ವರ್ಷಗಟ್ಟಲೆ ಅದಿರು ಅಗೆದು ಒಂದು ಮಹಾನೌಕೆ ಕಟ್ಟಿದ್ದರು. ಅದನ್ನು ನಡೆಸುವ ವಿದ್ಯೆ ಕಲಿಯಲಿಕ್ಕೆ ಅರ್ಧ ಆಯುಷ್ಯ ಬೇಕು. ಅದಕ್ಕೇ ತಂಡದಲ್ಲಿ ಒಬ್ಬನನ್ನು ಆರಿಸುತ್ತಾರೆ. ಅವನು ಬೇರೆ ಯಾವುದನ್ನೂ ಕಲಿಯದೆ ಆ ಒಂದು ಕುರ್ಚಿಗಾಗಿಯೇ ತಯಾರಾಗಬೇಕು, ಉಳಿದವರು ಅವನಿಗಾಗಿ ಕಾಯಬೇಕು. ಆಖಿಮನನ್ನು ಆರಿಸಿದ್ದರು. ಗಣಿಯಲ್ಲಿ ಅವನ ಕೆಲಸ ಜನರನ್ನು ಭೂಮಿಯೊಳಕ್ಕೆ ಇಳಿಸಿ ಹತ್ತಿಸುವ ಯಂತ್ರ ನಡೆಸುವುದು. ಅವನಷ್ಟು ತಾಳ್ಮೆ ಯಾರಿಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಆ ತಾಳ್ಮೆ ನಮ್ಮ ಅಡುಗೆಮನೆಯ ಸೋರುವ ನಲ್ಲಿಯ ವಿಷಯದಲ್ಲೂ ಧಾರಾಳವಾಗಿತ್ತು.

ಹೋದ ವಸಂತದಲ್ಲಿ ಅವನು ಪೈಲಟ್‌ನ ಬುದ್ಧಿಯನ್ನು ಹೊಸದಾಗಿ ಹಂಚಿದ. ಪೈಲಟ್‌ನ ತಲೆಯೊಳಗೆ ಐದು ಶಕ್ತಿಗಳಂತೆ. ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸಬೇಕು, ಒಮ್ಮೆ ಹಂಚಿದ ಮೇಲೆ ವರ್ಷ ತುಂಬುವ ತನಕ ಮುಟ್ಟುವ ಹಾಗಿಲ್ಲ. ಮಹಾನೌಕೆಯ ಕೊನೆಯ ವಿದ್ಯೆಗಳು ಬೇಗ ಬರಲಿ ಎಂದು, ನಾಲ್ಕು ಜನರ ಹತ್ತಿರ ಮಾತಾಡಿ ಒಲಿಸಿಕೊಳ್ಳುವ ಶಕ್ತಿಯನ್ನು ಅವನು ತಳಕ್ಕೆ ಇಳಿಸಿಬಿಟ್ಟ. ಯುದ್ಧ ಮಾಡುವವರಿಗೆ ಅದು ಬೇಡವಂತೆ.

"ನಿಂಗೆ ಇದ್ದಿದ್ದೇ ಅಷ್ಟು. ಅದನ್ನೂ ಕಳ್ಕೊಂಡ್ಯಾ?" ಎಂದು ನಾನು ಆಡಿಕೊಂಡೆ.

ಅವನು ನಕ್ಕ. ಸ್ವಲ್ಪ ದಿನಕ್ಕೇ ಪಾಳಿ ಮುಗಿಸಿ ಗಣಿಯ ಸ್ನಾನದ ಮನೆಯಲ್ಲಿ ಕುಸಿದುಬಿದ್ದ.

ಆಸ್ಪತ್ರೆಯಲ್ಲಿ ವಾರಗಟ್ಟಲೆ ಅವನ ಬಾಯಿಂದ ಒಂದು ಶಬ್ದವಿಲ್ಲ. ಮೊದಲು ಬಂದದ್ದು ಬೈಗುಳ: ಪ್ಯೆರೋನ್. ನಮ್ಮ ಸಿಲೇಸಿಯಾ ಸೀಮೆಯಲ್ಲಿ ಸಿಡಿಲು ಬಡಿಯ ಅನ್ನುವುದಕ್ಕೆ ಹಾಗೆ ಹೇಳುತ್ತೇವೆ. ಪಾದ್ರಿಗಳ ಬಾಯಲ್ಲೂ ಬರುವಷ್ಟು ಸಾದಾ ಮಾತು. ಆಮೇಲೆ ಎಲ್ಲದಕ್ಕೂ ಅದೇ. ಸೂಪ್ ಬಿಸಿಯಾದರೆ ಪ್ಯೆರೋನ್, ನನ್ನನ್ನು ಕಂಡರೆ ಪ್ಯೆರೋನ್. ಮಾತು ಕಲಿಸಲು ಬರುತ್ತಿದ್ದ ಸಬೀನಾ ಸೇಬಿನ ಚಿತ್ರ ತೋರಿಸಿ ಇದೇನು ಎಂದು ಕೇಳಿದರೆ, ಅವನು ಬೆವರುತ್ತ, ಕಣ್ಣು ಕೆಂಪಗೆ ಮಾಡಿಕೊಂಡು ಅದನ್ನೇ ಹೇಳುತ್ತಿದ್ದ. ಆಮೇಲೆ ಒಂದೊಂದಾಗಿ ಸಣ್ಣ ಪದಗಳು ಬಂದವು. ಬೇಕು, ಬೇಡ, ಬಾ, ನೀರು. ನನಗೆ ಅಷ್ಟು ಸಾಲಲಿಲ್ಲ. ನನ್ನ ಆಖಿಮ್ ವಾಪಸು ಬೇಕಿತ್ತು. ಊಟದ ಹೊತ್ತಿನಲ್ಲಿ ನನ್ನ ತಲೆ ತಿನ್ನುತ್ತಿದ್ದ ಆ ಆಖಿಮನೇ ಬೇಕಿತ್ತು.

ಅವನ ಪೈಲಟ್‌ನ ಪಾಸ್‌ವರ್ಡ್ ನನಗೆ ಗೊತ್ತಿತ್ತು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರಬಾರದೆಂದು ಆಟದ ನಿಯಮವಂತೆ. ಇರಲಿ, ಅವನ ಗಡ್ಡ ಬೋಳಿಸುವವಳು ನಾನು, ಇದೇನು ಮಹಾ. ಮೊದಮೊದಲು ಅವನು ಹಾಕಿಟ್ಟ ಯೋಜನೆಯಂತೆಯೇ ಸಾಲು ಖಾಲಿಯಾಗದಂತೆ ತುಂಬುತ್ತಿದ್ದೆ. ಒಂದು ದಿನ ಬೇರೆ ವಿದ್ಯೆಗಳು ಯಾವುವಿವೆ ಎಂದು ಕೆಳಗೆ ಸರಿಸುತ್ತ ಹೋದಾಗ ಒಂದು ಮೂಲೆಯಲ್ಲಿ ಕಣ್ಣಿಗೆ ಬಿದ್ದವು: ಸಂಭಾಷಣೆ, ಸಂಧಾನ, ಪರಿಚಯ ಬೆಳೆಸುವುದು. ಅಲ್ಲೇ ಕೈ ನಿಂತಿತು. ಅವನಿಗಾಗಿ ಗಣಿಯವರನ್ನು ಕಾಯುವ ಸಂತ ಬಾರ್ಬರಾಳ ಮುಂದೆ ಮೇಣದಬತ್ತಿ ಹಚ್ಚಿದ್ದೆ, ನೆರೆಯವಳು ಕೊಟ್ಟ ನಾರುಬೇರನ್ನೆಲ್ಲ ಕುದಿಸಿ ಕುಡಿಸಿದ್ದೆ. ಇದೊಂದನ್ನು ಯಾಕೆ ಬಿಡಬೇಕು? ಮಹಾನೌಕೆಯ ವಿದ್ಯೆಗಳನ್ನೆಲ್ಲ ಸಾಲಿನಿಂದ ತೆಗೆದು ಮಾತಿನ ವಿದ್ಯೆಗಳನ್ನು ಹಾಕಿದೆ. ಆ ಶಕ್ತಿಯನ್ನು ತಳಕ್ಕೆ ಇಳಿಸಿದ್ದನಲ್ಲ, ಅದಕ್ಕೇ ಕಲಿಕೆ ಬಸವನಹುಳುವಿನ ಹಾಗೆ ತೆವಳತೊಡಗಿತು. ತೆವಳಲಿ ಬಿಡು ಎಂದುಕೊಂಡೆ. ಸಬೀನಾಳೂ ನಿಧಾನ ಎಂದೇ ಹೇಳಿದ್ದಳು.

ದಿನಾ ಬೆಳಿಗ್ಗೆ ಅವನಿಗೆ ಗಂಜಿ ತಿನ್ನಿಸಿ, ಅವನ ಆಟದ ಕೋಣೆಗೆ ಹೋಗಿ ಕಲಿಕೆ ಎಷ್ಟು ಮುಂದೆ ಹೋಗಿದೆ ಎಂದು ನೋಡಿ, ಕಂಪ್ಯೂಟರಿನ ಮೇಲೆ ಮೇಜುಬಟ್ಟೆ ಹೊದಿಸಿ ಬರುತ್ತಿದ್ದೆ. ಡಾಕ್ಟರು ಕಣ್ಣಿಗೆ ಆಯಾಸ ಬೇಡ ಅಂದಿದ್ದಾರೆ ಎಂದು ಆಖಿಮನಿಗೆ ಹೇಳಿದ್ದೆ. ಡಾಕ್ಟರು ಹಾಗೇನೂ ಅಂದಿರಲಿಲ್ಲ. ಕೂತು ನೋಡಿದರೆ ತನ್ನಿಂದ ಆಗುವುದಿಲ್ಲವೆಂದು ಅವನಿಗೆ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ ನನಗೆ.

ತಂಡದ ಯಜಮಾನನಿಗೆ ಎಲ್ಲರ ಸಾಲುಗಳೂ ಕಾಣುತ್ತವಂತೆ. ವಿತೋಲ್ದ ಫೋನ್ ಮಾಡಿದ. ಯಾರೋ ಕಳ್ಳರು ಒಳಗೆ ನುಗ್ಗಿದ್ದಾರೆ, ಆಖಿಮನ ಸಾಲಿಗೆ ಕಸ ತುಂಬಿದ್ದಾರೆ, ಆ ವಿದ್ಯೆಗಳನ್ನು ಬುದ್ಧಿ ನೆಟ್ಟಗಿರುವವರು ಯಾರೂ ಕಲಿಯುವುದಿಲ್ಲ, ಅದೂ ಈ ಹಂಚಿಕೆ ಇಟ್ಟುಕೊಂಡು ಕಲಿಯುವುದೆಂದರೆ ಹುಚ್ಚೇ ಸರಿ ಎಂದು ಗಾಬರಿಪಟ್ಟ. ಕಳ್ಳರಲ್ಲ, ನಾನೇ ಹಾಕಿದ್ದು ಎಂದೆ.  ಹಾಗಾದರೆ ಭಾನುವಾರ ಬರಲಾ ಎಂದು ಕೇಳಿದ.

ಭಾನುವಾರ ಮಧ್ಯಾಹ್ನ ಕೇಕು ಹಿಡಿದುಕೊಂಡು ಬಂದ. ಜೊತೆಗೆ ಓತಿಲಿಯಾ ಎಂಬ ಮೂವತ್ತರ ಹೆಂಗಸು. ಅವಳೂ ತಂಡದವಳೇ, ಕಾತೊವಿತ್ಸೆಯಲ್ಲಿ ಟ್ರಾಮ್ ಓಡಿಸುತ್ತಾಳೆ. ನಾನು ಮಾಂಸದ ಸುರುಳಿ, ಆಲೂಗಡ್ಡೆಯ ಕಡುಬು, ಕೆಂಪು ಕೋಸು ಮಾಡಿದ್ದೆ. ಆಖಿಮನ ತಟ್ಟೆಯ ಮಾಂಸವನ್ನು ನಾನು ಸಣ್ಣಗೆ ಕತ್ತರಿಸುವಾಗ ಇಬ್ಬರೂ ಕಿಟಕಿಯಾಚೆ ಏನೋ ಇದೆ ಎನ್ನುವಂತೆ ನೋಡುತ್ತಿದ್ದರು. ಆಖಿಮ್ ಎಡಗೈಯಲ್ಲಿ ತಿನ್ನುತ್ತ ಒಬ್ಬೊಬ್ಬರ ಮುಖ ನೋಡುತ್ತಿದ್ದ.

ಕೇಕು ಕತ್ತರಿಸುವ ಹೊತ್ತಿಗೆ ವಿತೋಲ್ದ ವಿಷಯಕ್ಕೆ ಬಂದ. ಎದುರಾಳಿ ತಂಡ ಗಡಿಗೆ ಬಂದು ಕೂತಿದೆ, ಮಹಾನೌಕೆ ಹಡಗುಕಟ್ಟೆಯಲ್ಲಿ ಖಾಲಿ ನಿಂತಿದೆ. ಓತಿಲಿಯಾ ಅದೇ ದಾರಿಯಲ್ಲಿ ಅರ್ಧ ಬಂದಿದ್ದಾಳೆ, ಇನ್ನರ್ಧಕ್ಕೆ ವರ್ಷಗಳು ಬೇಕು. ಆದರೆ ಆ ಆಟದಲ್ಲಿ ಒಂದು ಸೂಜಿ ಸಿಗುತ್ತದೆ; ಅದನ್ನು ಚುಚ್ಚಿ ಒಬ್ಬ ಪೈಲಟ್ ಕಲಿತದ್ದನ್ನು ಹೀರಿ ಇನ್ನೊಬ್ಬನಿಗೆ ಹಾಕಬಹುದು. ಹೀರಿಸಿಕೊಂಡವನಿಗೆ ಅದು ಮರೆತುಹೋಗುತ್ತದೆ. ಇಷ್ಟನ್ನೂ ಅವನು ನನಗೆ ಹೇಳಿದ, ಆಖಿಮ್ ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ.

"ಬೇಜಾರು ಮಾಡ್ಕೋಬೇಡಿ ಬೆರ್ನಾದೆತಾ ಅವರೇ. ಅವನು ಇನ್ನು ಹಾರಿಸಲ್ಲ ಅಂತ ನಿಮಗೂ ಗೊತ್ತು. ಸುಮ್ನೆ ಇಟ್ಕೊಂಡು ಏನ್ಮಾಡ್ತೀರಿ?"

 ಚಾಕು ಕೆಳಗಿಟ್ಟೆ, ಇಡದಿದ್ದರೆ ಏನಾಗುತ್ತಿತ್ತೋ.

"ವಿತೋಲ್ದ, ಇದು ನನ್ನ ಮನೆ. ನನ್ನ ಗಂಡ ಇಲ್ಲೇ ಕೂತಿದ್ದಾನೆ, ಉಸಿರಾಡ್ತಿದ್ದಾನೆ. ಸತ್ತವನ ಬೂಟು ಬಿಚ್ಚೋಕೆ ಬಂದೋರ ಹಾಗೆ ಬಂದಿದ್ದೀಯಲ್ಲ, ನಾಚಿಕೆ ಆಗಲ್ವಾ?"

ಓತಿಲಿಯಾ ಎದ್ದು ಕೋಟು ತೆಗೆದುಕೊಂಡಳು. ತನಗೆ ಬೇಡವೇ ಬೇಡ, ತಪ್ಪಾಯಿತು ಎಂದಳು. ವಿತೋಲ್ದ ಕೆಂಪಗಾಗಿ ಏನೋ ಹೇಳಲು ಬಾಯಿ ತೆರೆದ. ನನ್ನ ಆಖಿಮ್ ಹಾರಿಸುತ್ತಾನೆ, ಮಾತಾಡುತ್ತಾನೆ, ಬೇಸಿಗೆಗೆ ಕೈತೋಟದಲ್ಲಿ ನಿಮ್ಮನ್ನೆಲ್ಲ ಬೈಯುತ್ತಾನೆ, ಅಲ್ಲಿಯವರೆಗೆ ಅವನದನ್ನು ಯಾರೂ ಮುಟ್ಟಕೂಡದು ಎಂದು ನಾನು ಕೂಗುತ್ತಲೇ ಇದ್ದೆ.

ಆಖಿಮ್ ಎಡಗೈಯಿಂದ ಮೇಜಿಗೆ ಗುದ್ದಿದ. ಕಪ್ಪುಗಳು ಹಾರಿದವು.

"ಪ್ಯೆರೋನ್" ಎಂದ. ಬೈದದ್ದು ನನ್ನನ್ನೇ ನೋಡುತ್ತ.

ಊರುಗೋಲು ಹಿಡಿದು ಎದ್ದ. ಕಾಲು ಎಳೆದುಕೊಂಡು ಆಟದ ಕೋಣೆಗೆ ಹೋದ. ನಾನು ಹಿಂದೆ ಓಡಿದೆ. ಆಯಾಸವಾಗುತ್ತದೆ, ಡಾಕ್ಟರು ಬೇಡ ಅಂದಿದ್ದಾರೆ ಎಂದೆ. ಅವನು ಮೇಜುಬಟ್ಟೆಯನ್ನು ಎಳೆದು ನೆಲಕ್ಕೆ ಹಾಕಿ ಕೂತ. ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಹುಡುಕಿ ಹೊಡೆದ, ಎರಡು ಸಲ ತಪ್ಪಿದ. ನಾನು ಸಹಾಯಕ್ಕೆ ಬಗ್ಗಿದರೆ ಮೊಣಕೈಯಿಂದ ತಳ್ಳಿದ. ಕೊನೆಗೂ ತೆರೆಯಿತು. ತನ್ನ ಸಾಲನ್ನು ತೆರೆದು, ತುಟಿ ಆಡಿಸುತ್ತ, ಬೆರಳಿಟ್ಟು ಓದಿದ. ಸಂಭಾಷಣೆ. ಸಂಧಾನ. 

ಆಮೇಲೆ ನನ್ನ ಕಡೆ ತಿರುಗಿದ. ಇಷ್ಟು ದಿನ ನಾನು ಏನು ಮಾಡುತ್ತಿದ್ದೆ, ಯಾಕೆ ಮಾಡುತ್ತಿದ್ದೆ ಎಲ್ಲವೂ ಅವನಿಗೆ ತಿಳಿದುಹೋಗಿತ್ತು. ಅರ್ಧ ಬಾಯಿಯಲ್ಲಿ ನಕ್ಕ, ನಗುತ್ತಲೇ ಕಣ್ಣಲ್ಲಿ ನೀರು ಬಂತು. ನನಗೆ ಅಷ್ಟು ನಾಚಿಕೆ ಜೀವನದಲ್ಲಿ ಎಂದೂ ಆಗಿರಲಿಲ್ಲ.

ಪರದೆಯ ಮೂಲೆಯಲ್ಲಿ ಅವನ ಪೈಲಟ್‌ನ ಚಿತ್ರವಿತ್ತು. ಕಪ್ಪು ಗಡ್ಡ, ನೆಟ್ಟಗಿನ ಹೆಗಲು, ಮದುವೆಯ ವರ್ಷದ ಆಖಿಮ್. ಅದರ ಮೇಲೆ ಬೆರಳಿಟ್ಟ.

"ಅವನು" ಎಂದ. ಮುಂದಿನ ಪದ ಸಿಗಲಿಲ್ಲ. ಕಣ್ಣು ಮುಚ್ಚಿಕೊಂಡ, ಕುತ್ತಿಗೆಯ ನರ ಉಬ್ಬಿತು. ಬಾಗಿಲ ಬಳಿ ವಿತೋಲ್ದ, ಓತಿಲಿಯಾ ಬಂದು ನಿಂತಿದ್ದರು. "ಅವನು... ಬರಲ್ಲ."

"ಹಾಗನ್ಬೇಡ, ಆಖಿಮ್."

"ಬರಲ್ಲ." ಕೈಯನ್ನು ತನ್ನ ಎದೆಗೆ ಬಡಿದುಕೊಂಡ. "ನಾನು. ಇಷ್ಟು. ಸಾಕಾ?"

ಅದು ಪ್ರಶ್ನೆ. ಕಾಯಿಲೆ ಬಿದ್ದ ಮೇಲೆ ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ.  ಸಾಕು ಅಂದರೆ ಸುಳ್ಳಾಗುತ್ತಿತ್ತು, ಸಾಲದು ಎಂದು ಯಾವ ಹೆಂಡತಿ ಹೇಳುತ್ತಾಳೆ? ಅವನು ಸ್ವಲ್ಪ ಹೊತ್ತು ಕಾದು, ಓತಿಲಿಯಾಳನ್ನು ಕೈ ಸನ್ನೆ ಮಾಡಿ ಕರೆದ.

"ಕೊಡು" ಎಂದ. ಸೂಜಿಯನ್ನು ಕೇಳುತ್ತಿದ್ದಾನೆಂದು ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳು ನನ್ನ ಮುಖ ನೋಡಿದಳು. ನಾನು ಗೋಡೆಯ ಕಡೆ ತಿರುಗಿದೆ.

ವಿತೋಲ್ದ ತನ್ನ ಫೋನಿನಿಂದ ಆಟದೊಳಗೆ ಯಾರನ್ನೋ ಎಬ್ಬಿಸಿ ಸೂಜಿಗಳನ್ನು ತರಿಸಿಕೊಟ್ಟ. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ ಅದು. ಒಂದು ಸೂಜಿ ಸ್ವಲ್ಪವನ್ನು ಮಾತ್ರ ಹೀರುತ್ತದೆ. ಯಾವ ವಿದ್ಯೆ ಎಂದು ಆರಿಸಬೇಕು, ಒತ್ತಬೇಕು, ನಿಜವಾಗಿಯೂ ತೆಗೆಯಬೇಕೇ ಎಂದು ಅದು ಕೇಳುತ್ತದೆ, ಹೌದು ಎಂದು ಮತ್ತೆ ಒತ್ತಬೇಕು. ಆಖಿಮ್ ಎಡಗೈಯಿಂದ ಶುರು ಮಾಡಿದ. ಮಹಾನೌಕೆ ಹೋಯಿತು. ಕವಚಗಳು ಹೋದವು. ಬಾಲ್ಟಿಕ್ ಕಡಲ ದಡದಿಂದ ಓಡಿಹೋಗಿ ಹಚ್ಚಿದ್ದ ಫಿರಂಗಿಗಳು ಹೋಗುವ ಹೊತ್ತಿಗೆ ಬಾಣದ ಗುರುತು ಪರದೆಯ ಮೇಲೆಲ್ಲ ಅಲೆದಾಡಿತು. ಅವನು ಮೌಸ್ ಬಿಟ್ಟು ಬೆರಳುಗಳನ್ನು ತೊಡೆಗೆ ಉಜ್ಜಿಕೊಂಡ. ವಿತೋಲ್ದ ಮುಂದೆ ಬಂದ. ಆಖಿಮ್ ತಲೆಯಾಡಿಸಿ ಬೇಡವೆಂದ, ಮೌಸನ್ನು ನನ್ನ ಕಡೆಗೆ ತಳ್ಳಿದ.

"ನೀನು."

"ನನ್ ಕೈಲಾಗಲ್ಲ" ಎಂದೆ. ಅವನು ಸುಮ್ಮನೆ ಕಾದ. ಕಾಯುವುದು ಅವನಿಗೆ ಗೊತ್ತಿತ್ತು.

ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಒಂದೊಂದಾಗಿ ಆರಿಸಿದೆ, ಒತ್ತಿದೆ. ಪ್ರತಿ ಸಲವೂ ಅದು ಕೇಳಿತು, ಪ್ರತಿ ಸಲವೂ ಹೌದು ಎಂದೆ. ಸಂಜೆಯ ಬೆಳಕು ಕೋಣೆಗೆ ಬರುವ ಹೊತ್ತಿಗೆ ಕೊಡಬೇಕಾದ್ದೆಲ್ಲ ಮುಗಿದಿತ್ತು. ಸಾಲಿನಲ್ಲಿ ನಾನು ಹಾಕಿದ ಮಾತಿನ ವಿದ್ಯೆಗಳು ಮಾತ್ರ ಉಳಿದು ತೆವಳುತ್ತಿದ್ದವು. ಅವು ಇರಲಿ, ಯಾರಿಗೂ ಬೇಕಾಗಿಲ್ಲ ಎಂದು ವಿತೋಲ್ದ ಮೆಲ್ಲಗೆ ಹೇಳಿದ. ನಾನು ಆಖಿಮನನ್ನು ನೋಡಿದೆ. ಅವನು ಪರದೆಯನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲವಲ್ಲ ಎಂದು ಆ ಕಣ್ಣುಗಳು ಹೇಳುತ್ತಿದ್ದವು.

ಆ ಮಾತಿನ ವಿದ್ಯೆಗಳನ್ನೂ ಸಾಲಿನಿಂದ ತೆಗೆಯಲು ಒತ್ತಿದೆ; ತರಬೇತಿ ನಿಲ್ಲಿಸಬೇಕೇ ಎಂದು ಆಟ ಕೇಳಿತು. ನಾನು ಹೌದು ಎಂದು ಒತ್ತಿ, ಅವನ ಬಿದ್ದುಹೋದ ಬಲಗೈಯನ್ನು ನನ್ನ ಮಡಿಲಿಗೆ ಎತ್ತಿಕೊಂಡು, ಅವರಿಬ್ಬರ ಎದುರಿಗೇ ಗಟ್ಟಿಯಾಗಿ ಅತ್ತೆ.