ಫ್ಲಶ್ ಪರೀಕ್ಷೆ

"ಯಾವಳೇ ಅದು ಒಳಗೆ? ನಿಮ್ಮಪ್ಪ ಕಟ್ಟಿಸಿದ್ದು ಅಂದ್ಕೊಂಡ್ಯಾ? ಎದ್ದು ಬಾರೇ ಹೊರಗೆ, ದರಿದ್ರ ಮುಂಡೇದೆ!"

ಸೂಪರ್‌ವೈಸರು ಕಕ್ಕಸಿನ ಬಾಗಿಲಿಗೆ ಒದೆಯಲೆಂದು ಕಾಲೆತ್ತಿದವನು, ಹೊಸ ಬಾಗಿಲಿಗೆ ಗೀರು ಬಿದ್ದರೆ ತನ್ನ ತಲೆಗೇ ಬರುತ್ತದೆಂದು ಕಾಲಿಳಿಸಿ ಅಂಗೈಯಿಂದ ಬಡಿಯತೊಡಗಿದ. ಕೊರಳಿನ ಪೀಪಿ ಎದೆಯ ಮೇಲೆ ಕುಣಿಯುತ್ತಿತ್ತು. ಊಟಕ್ಕೆ ಬಿಡಲು, ಊಟದಿಂದ ಎಬ್ಬಿಸಲು, ಇಬ್ಬರು ಹೆಂಗಸರು ನಗುತ್ತ ನಿಂತರೆ ಚದುರಿಸಲು, ಎಲ್ಲಕ್ಕೂ ಅದನ್ನೇ ಊದುತ್ತಿದ್ದುದರಿಂದ ಹೆಂಗಸರ ಬಾಯಲ್ಲಿ ಅವನ ಹೆಸರೇ ಪೀಪಿ ಎಂದಾಗಿತ್ತು.

ಚಿಲಕ ಸರಿಯಿತು. ಹೊರಗೆ ಬಂದವಳು ಟೈಲ್ಸ್ ಸಂದಿಗೆ ಬಿಳಿ ಸಿಮೆಂಟು ತುಂಬುವ ಗುಂಪಿನ ಬಸುರಿ ಹುಡುಗಿ. ಅವಳ ಅತ್ತೆಯೂ ಅದೇ ಗುಂಪಿನಲ್ಲಿದ್ದಳು. ಸೊಸೆ ಬಾಯ್ತುಂಬ ಅತ್ತೆ ಅತ್ತೆ ಎನ್ನುವುದನ್ನು ಕೇಳಿ ಕೇಳಿ ಆಕೆ ಇಡೀ ಗುಂಪಿಗೇ ಅತ್ತೆಯಾಗಿಬಿಟ್ಟಿದ್ದಳು.

ಪೀಪಿ ಮೂಗು ಮುಚ್ಚಿಕೊಂಡು, "ಈ ಸಾಲು ಪೂರ್ತಿ ತೊಳಿ. ಎಲ್ರೂ ನೋಡ್ಲಿ," ಎಂದ. ಬಣ್ಣ ಹೊಡೆಯುವವರು, ಕರೆಂಟಿನವರು ಕೆಲಸ ಬಿಟ್ಟು ನೋಡಿದರು. ಹುಡುಗಿ ತುಂಬಿದ ಹೊಟ್ಟೆ ಹಿಡಿದುಕೊಂಡು ಮಂಡಿಯೂರಿದಳು. ಅಷ್ಟರಲ್ಲಿ ಅತ್ತೆ ಓಡಿಬಂದು ಬ್ರಷ್ಷು ಕಿತ್ತುಕೊಂಡು ತಾನೇ ಉಜ್ಜತೊಡಗಿದಳು. ಕೈ ಸುಮ್ಮನಿರದಿದ್ದರೆ ಬಾಯಿಯೂ ಸುಮ್ಮನಿರದ ಹೆಂಗಸು ಅವಳು.

"ಇಲ್ಲಿ ಒಂದೊಂದು ಸಂದಿಗೂ ಸಿಮೆಂಟ್ ತುಂಬಿದ್ದು ಇವಳ ಕೈ ಸಾರ್. ಕೈಯಾದ್ರೆ ಆಗುತ್ತೆ, ಕುಂಡಿಯಾದ್ರೆ ಆಗಲ್ವಾ?"

ಬಣ್ಣದವರು ಗೊಳ್ಳೆಂದು ನಕ್ಕರು. ಪೀಪಿಯ ಮುಖ ಕೆಂಪಾಯಿತು. "ಇನ್ನೊಂದ್ಸಲ ನಿಮ್ಮಲ್ಲಿ ಯಾವಳಾದ್ರೂ ಇದ್ರೊಳಗೆ ಕೂತಿದ್ದು ಕಂಡ್ರೆ ಕೆಲಸಾನೂ ಇಲ್ಲ, ಶೆಡ್ಡೂ ಇಲ್ಲ. ಗಂಟುಮೂಟೆ ಕಟ್ಕೊಂಡು ಎಲ್ಲಾ ರೋಡಿಗೆ!"

ಕಟ್ಟುತ್ತಿದ್ದುದು ಸಾಮಾನ್ಯದ ಕಟ್ಟಡವಲ್ಲ. ಒಂದು ಊರಿಗೆ ಊರೇ ಬಂದು ಕೂತು ಹಾಡು ಕೇಳಬಹುದಾದ ರಂಗಮಂದಿರ. ಸುತ್ತ ಹೋಟೆಲು, ಸಿನಿಮಾ, ಮಕ್ಕಳು ಜಾರುವ ನೀರಿನ ಕೊಳ. ಅಲ್ಲಿನ ಕಕ್ಕಸುಗಳ ವೈಭೋಗವನ್ನಂತೂ ಕೇಳುವುದೇ ಬೇಡ. ಕೈಯೊಡ್ಡಿದರೆ ತಾನಾಗಿ ಸುರಿಯುವ ನಲ್ಲಿ, ಕೂತವರಿಗೆ ಬೇಜಾರಾಗದಿರಲೆಂದು ಸೂರಿನಲ್ಲಿ ಹಾಡು. ಕೂಲಿಯವರಿಗೆ ಹಿಂಭಾಗದಲ್ಲಿ ಒಂದು ಗುಂಡಿ, ಸುತ್ತ ತಗಡಿನ ಮರೆ ಇತ್ತು. ಉದ್ಘಾಟನೆ ಹತ್ತಿರವಾದಂತೆ ಫೋಟೋದಲ್ಲಿ ಕಾಣುತ್ತದೆಂದು ಅದನ್ನೂ ಕಿತ್ತು, ಗುಂಡಿ ಮುಚ್ಚಿ, ಮೇಲೆ ಹುಲ್ಲು ಹಾಸಿದರು. ಗಂಡಸರಿಗೇನು, ಯಾವ ಗೋಡೆಯಾದರೂ ಆದೀತು. ಹೆಂಗಸರು ಬೆಳಕು ಹರಿಯುವ ಮುಂಚೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ನಡುವೆ ಬಾಯಾರಿದರೂ ಬರೀ ತುಟಿ ಒದ್ದೆ ಮಾಡಿಕೊಳ್ಳುವುದು.

ಸೊಸೆಗೆ ಉರಿಮೂತ್ರ ಶುರುವಾಗಿ ಜ್ವರ ಬಂತು. ಆಸ್ಪತ್ರೆಯ ನರ್ಸಮ್ಮ ಅತ್ತೆಯನ್ನೇ ತರಾಟೆಗೆ ತೆಗೆದುಕೊಂಡಳು. "ಚೆನ್ನಾಗಿ ನೀರು ಕುಡಿಸ್ಬೇಕು, ಬಂದಾಗ ಹೋಗ್ಬೇಕು. ಹೀಗೇ ತಡ್ಕೊಂಡ್ರೆ ಮಗು ಮುಂಚೆನೇ ಬಂದ್ಬಿಡುತ್ತೆ. ಉಳಿಯಲ್ಲ, ಹೇಳಿದೀನಿ."

ಹಿಂದಿನ ಬಸುರು ಅರ್ಧಕ್ಕೇ ಜಾರಿಹೋಗಿತ್ತು. ಆಗ ಆ ಹುಡುಗಿ ಗೋಡೆಗೆ ಮುಖ ಹಾಕಿ ಮಲಗಿದ್ದನ್ನು ಅತ್ತೆ ಮರೆತಿರಲಿಲ್ಲ. ಈ ಸಲ ಅವಳಿಗೆ ಭಯವಾಗಿತ್ತು, ನಿಜವಾದ ಭಯ. ಬಾಯಿ ಬಿಗಿಹಿಡಿದು ಪೀಪಿಯ ಹತ್ತಿರ ಹೋದಳು.

"ಒಂದೇ ಒಂದು ಕೊಡಿ ಸಾರ್, ಆ ಮೂಲೇದು. ನಾವೇ ತೊಳ್ಕೊಂಡಿರ್ತೀವಿ."

"ಅದು ಹಾಡು ಕೇಳಕ್ಕೆ ಬರೋರಿಗೆ ಕಣೇ."

"ಅವರಿನ್ನೂ ಬಂದಿಲ್ವಲ್ಲ?"

"ಅವರು ಬರೋ ಹೊತ್ತಿಗೂ ನಿಮ್ಮ ವಾಸನೆ ಇರುತ್ತಲ್ಲ!" ಎಂದು ತನ್ನ ಮಾತಿಗೆ ತಾನೇ ನಕ್ಕು, ಅವಳನ್ನು ಓಡಿಸಲು ಪೀಪಿ ಊದಿದ.

ಇಂಥ ಪೀಪಿಯೇ ಒಂದು ಬೆಳಿಗ್ಗೆ ಹೆಂಗಸರನ್ನೆಲ್ಲ ಕಕ್ಕಸುಗಳ ಮುಂದೆ ಸಾಲಾಗಿ ನಿಲ್ಲಿಸಿದ. ಜೊತೆಗೆ ಪೈಪಿನ ಇಂಜಿನಿಯರು, ಒಳ್ಳೆಯ ಹುಡುಗನೇ. ಅವನು ವಿವರಿಸಿದ: ಹಾಡಿನ ನಡುವೆ ಬಿಡುವು ಕೊಟ್ಟಾಗ ಜನರೆಲ್ಲ ಒಟ್ಟಿಗೆ ಇಲ್ಲಿಗೇ ನುಗ್ಗುತ್ತಾರೆ. ಎಲ್ಲ ಫ್ಲಶ್ಶುಗಳೂ ಒಂದೇ ಸಲಕ್ಕೆ ಹರಿದರೆ ಪೈಪು ತಡೆಯುತ್ತದೋ ಇಲ್ಲವೋ ನೋಡಬೇಕು. ಅದಕ್ಕೆ ಒಂದೊಂದರಲ್ಲಿ ಒಬ್ಬೊಬ್ಬರು ನಿಂತು ಏಕಕಾಲಕ್ಕೆ ಗುಂಡಿ ಒತ್ತಬೇಕು. ಆಚೆ ಗಂಡಸರು, ಈಚೆ ಹೆಂಗಸರು. ಮಧ್ಯಾಹ್ನ ಧಣಿಯವರೇ ಅತಿಥಿಗಳ ಜೊತೆ ನೋಡಲು ಬರುತ್ತಾರೆ.

"ನಾನು ಊದಿದ ತಕ್ಷಣ ಒತ್ತಿ," ಎಂದ ಪೀಪಿ. "ಒತ್ತೋದಷ್ಟೇ. ಕೂರೋ ಹಾಗಿಲ್ಲ, ಗೊತ್ತಾಯ್ತಾ?"

"ಬಾಗಿಲು ಹಾಕ್ಕೋಬೇಕಾ ಸಾರ್?" ಅತ್ತೆ ಬೆಣ್ಣೆಯಂಥ ದನಿಯಲ್ಲಿ ಕೇಳಿದಳು.

"ಹಾಕ್ಕೊಳ್ಳಿ, ಹಾಕ್ಕೊಳ್ಳಿ. ನಿಮ್ಮ ಮುಖ ಅತಿಥಿಗಳಿಗೆ ಕಾಣೋದು ಬೇಡ."

ಅತ್ತೆ ತಲೆಯಾಡಿಸಿದಳು. ಆಮೇಲೆ ಸಂದಿ ಒರೆಸುತ್ತ ಒರೆಸುತ್ತ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಅವಳು ಬಾಯಿಗೆ ಕೈ ಅಡ್ಡಹಿಡಿದು ನಕ್ಕು ಆಚೆಯವಳಿಗೆ ದಾಟಿಸಿದಳು. ಊಟದ ಹೊತ್ತಿಗೆ ಎಲ್ಲರ ಬಾಟಲಿಗಳೂ ತುಂಬಿದ್ದವು. ಎಷ್ಟೋ ದಿನಗಳ ಮೇಲೆ ಹೆಂಗಸರು ಗಟಗಟನೆ ನೀರು ಕುಡಿದರು. ಒಬ್ಬಳಿಗೆ ನಗು ಬಂದು ನೀರು ಮೂಗಿಗೆಲ್ಲ ಏರಿತು.

"ಭಯ ಆಗುತ್ತೆ ಅತ್ತೆ," ಎಂದಳು ಸೊಸೆ. "ಶೆಡ್ ಖಾಲಿ ಮಾಡ್ಸಿದ್ರೆ?"

"ನಂಗೂ ಆಗುತ್ತೆ ಕಣೆ. ಕುಡಿ."

ಮಧ್ಯಾಹ್ನ ಧಣಿ ಬಂದರು. ಮೈಮೇಲೆ ಸೆಂಟಿನ ಘಮ, ಹಿಂದೆ ಕ್ಯಾಮೆರಾದವರು, ಅಕ್ಕಪಕ್ಕ ಅತಿಥಿಗಳು. ಹೊಸ ನೆಲ ಕೊಳೆಯಾಗದಂತೆ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಸಿಕೊಂಡು ಹೆಂಗಸರು ಒಳಹೊಕ್ಕರು. ಇಂಜಿನಿಯರು ಕೈಯೆತ್ತಿದ. ಪೀಪಿ ಕೆನ್ನೆ ಉಬ್ಬಿಸಿ ಊದಿದ.

ಗಂಡಸರ ಕಡೆ ಅಣೆಕಟ್ಟು ಒಡೆದಷ್ಟು ಸದ್ದಾಯಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಹೆಂಗಸರ ಕಡೆ ಮಾತ್ರ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಚಿಲಕಗಳು ಬೀಳುವ ಸದ್ದು ಕೇಳಿಸಿತು, ಈ ತುದಿಯಿಂದ ಆ ತುದಿಯವರೆಗೆ ಒಂದರ ಹಿಂದೆ ಒಂದು.

"ಏನಾಯ್ತು? ಒತ್ರೇ!" ಪೀಪಿ ಮತ್ತೆ ಊದಿದ.

"ಇನ್ನೂ ಆಗಿಲ್ಲ ಸಾರ್," ಎಂದಿತು ಅತ್ತೆಯ ದನಿ. "ತುಂಬಾ ದಿನದಿಂದ ತಡ್ಕೊಂಡಿದ್ದು."

ಸಾಲಿನುದ್ದಕ್ಕೂ ಕಿಸಕ್ಕೆಂದು ನಗು ಹರಿಯಿತು. ಅತಿಥಿಯೊಬ್ಬಳು ನಗು ತಡೆಯಲು ಕೆಮ್ಮಿದಳು. ಇಂಜಿನಿಯರು ನೀರಿನ ಮೀಟರನ್ನೊಮ್ಮೆ, ಧಣಿಯನ್ನೊಮ್ಮೆ ನೋಡಿ, "ಈ ಕಡೆ ನೀರು ಹರೀದೆ ಪರೀಕ್ಷೆ ಪೂರ್ತಿಯಾಗಲ್ಲ ಸಾರ್," ಎಂದ. ಪೀಪಿ ಬಾಗಿಲಿಂದ ಬಾಗಿಲಿಗೆ ಓಡಿ ಬಡಿದ. "ಹಲ್ಕಟ್ ಮುಂಡೇವಾ! ಮರ್ಯಾದೆಯಾಗಿ ಹೊರಗೆ ಬನ್ನಿ!"

ಧಣಿ ಅವನನ್ನು ಪಕ್ಕಕ್ಕೆ ತಳ್ಳಿದರು. ಕ್ಯಾಮೆರಾದ ಕಡೆಗೊಂದು ನಗೆ ಬೀರಿ, ದನಿಗೆ ಸಕ್ಕರೆ ಬೆರೆಸಿ, "ಅಮ್ಮಾ, ಏನು ಕಷ್ಟ ಇದ್ರೂ ಹೇಳಿ. ಹೊರಗೆ ಬನ್ನಿ, ಕೂತು ಮಾತಾಡೋಣ," ಎಂದರು.

"ಕೂತೇ ಇದ್ದೀವಿ ಧಣಿ. ಮಾತಾಡಿ."

ಈ ಸಲ ಅತಿಥಿಗಳಲ್ಲಿ ಇಬ್ಬರು ಮೂವರು ನಕ್ಕೇಬಿಟ್ಟರು. ಧಣಿಯ ಮುಖದ ನಗು ಇಳಿದುಹೋಯಿತು.

ಅತ್ತೆ ಒಳಗಿನಿಂದಲೇ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ನಮ್ಮ ಗುಂಡಿ ಮುಚ್ಚಿ ಹುಲ್ಲು ಹಾಕ್ಸಿದ್ರಿ. ಈಗ ಈ ಸಾಲು ನಮ್ಗೆ ಬಿಟ್ಕೊಡಿ, ಕೆಲಸ ಮುಗಿಯೋವರ್ಗೂ. ಇದಕ್ಕೆ ಅಂತ ಯಾರನ್ನೂ ಶೆಡ್ಡಿಂದ ಓಡಿಸ್ಬಾರ್ದು. ಬಂದೋರೆಲ್ಲ ಕೇಳೋ ಹಾಗೆ ಗಟ್ಟಿಯಾಗಿ ಹೇಳಿ. ಒತ್ತಿಬಿಡ್ತೀವಿ."

ಧಣಿ ಅತಿಥಿಗಳನ್ನು ವೇದಿಕೆ ನೋಡಲು ಕಳಿಸಿ, ಕ್ಯಾಮೆರಾದವರಿಗೆ, "ಆಫ್ ಮಾಡಿ," ಎಂದರು. ಬೂಟುಗಳು ದೂರವಾದವು. ಎರಡು ಜೊತೆ ಮಾತ್ರ ಉಳಿದವು, ಧಣಿಯದೊಂದು, ಪೀಪಿಯದೊಂದು. ಬಾಗಿಲ ಕೆಳಗಿನ ಸಂದಿಯಲ್ಲಿ ಅತ್ತೆಗೆ ಕಂಡವು. ಧಣಿಯ ದನಿಯಲ್ಲಿ ಈಗ ಸಕ್ಕರೆ ಇರಲಿಲ್ಲ.

"ಹಾರೆ ತಗೊಂಡು ಬಾ."

"ಬಾಗಿಲು ಹಾಳಾಗುತ್ತಲ್ಲಾ ಸಾರ್..."

"ಆಗ್ಲಿ. ತಗೊಂಡು ಬಾರೋ."

ಹೆಂಗಸರ ನಗು ನಿಂತಿತು. ಮೊದಲ ಬಾಗಿಲು ತನ್ನದೇ ಎಂದು ಅತ್ತೆಗೆ ಗೊತ್ತಿತ್ತು. ಅದನ್ನು ಅವಳೇ ಆರಿಸಿಕೊಂಡಿದ್ದಳು. ಎರಡೂ ಕಾಲುಗಳನ್ನು ಬಾಗಿಲಿಗೆ ಒತ್ತಿಹಿಡಿದು ಬೆನ್ನನ್ನು ಹಿಂದಕ್ಕೆ ಆನಿಸಿದಳು.

"ಅತ್ತೆ," ಪಕ್ಕದಿಂದ ಸೊಸೆ ಪಿಸುಗುಟ್ಟಿದಳು. "ನನ್ನ ನೀರು ಖಾಲಿಯಾಯ್ತು."

ಅತ್ತೆ ತನ್ನ ಬಾಟಲಿಯನ್ನು ಅಡ್ಡಗೋಡೆಯ ಕೆಳಗಿನಿಂದ ಆಚೆಗೆ ಉರುಳಿಸಿದಳು. "ಇದನ್ನೂ ಕುಡಿ ಮಗಾ. ನಿಧಾನ ಕುಡಿ."

ಹೊರಗೆ ಹೊಳಪು ನೆಲದ ಮೇಲೆ ಕಬ್ಬಿಣ ಎಳೆದುಕೊಂಡು ಬರುವ ಸದ್ದು ಹತ್ತಿರವಾಯಿತು. ಪಕ್ಕದಲ್ಲಿ ಹುಡುಗಿ ನೀರು ಕುಡಿಯುತ್ತಿದ್ದಳು. ಒಂದೊಂದು ಗುಟುಕೂ ಅತ್ತೆಗೆ ಕೇಳಿಸುತ್ತಿತ್ತು.