ಬಾಗಿಲು ಮುಚ್ಚಿದ ಮೇಲೂ ಉರಿದ ದೀಪ

ಉಬಾಲ್ದೊ ಕಾರಿನ ಸಮೇತ ಕಾಣೆಯಾದ ಮೇಲೆ ಅವನ ತಾಯಿ ಎರ್ಲಿಂದಾಳ ಕೈಯಲ್ಲಿ ಉಳಿದದ್ದು ಆ ಕಾರಿನ ಎರಡನೇ ಕೀಲಿಯೊಂದೇ. ಮಕ್ಕಳನ್ನು ಕಳೆದುಕೊಂಡ ಇರಾಪುವಾತೊ ಊರಿನ ಬೇರೆ ತಾಯಂದಿರು ಹೊಲಗಳಿಗೆ ಹೋಗಿ, ಹೂತ ಹೆಣದ ಸುಳಿವಿಗಾಗಿ ನೆಲಕ್ಕೆ ಸಲಾಕೆ ಚುಚ್ಚಿ, ತುದಿಯ ವಾಸನೆ ನೋಡುತ್ತಿದ್ದರು. ಎರ್ಲಿಂದಾ ಮಾತ್ರ, "ನಾನು ಬದುಕಿರೋನನ್ನ ಹುಡುಕ್ತಿದೀನಿ ಕಣ್ರೇ" ಎಂದು, ಕಾರುಗಳು ನಿಂತಲ್ಲೆಲ್ಲ ಕೀಲಿಯ ಗುಂಡಿ ಒತ್ತುತ್ತ ತಿರುಗುತ್ತಿದ್ದಳು. ಕಾರು ಎಲ್ಲಾದರೂ ಇಡಿಯಾಗಿದ್ದರೆ ಮಗನೂ ಇದ್ದಾನೆ ಎಂಬುದು ಅವಳ ನಂಬಿಕೆ.

ಅವತ್ತು ಕಾರಿನ ವೈರಿಂಗ್ ಮಾಡುವ ಕ್ರಿಸ್ಪಿನ್‌ನ ಅಂಗಡಿ ಮುಂದೆ ಒತ್ತಿದಳು. ಒಳಗಿದ್ದ ಬಿಳಿ ಟ್ಯಾಕ್ಸಿಯ ದೀಪಗಳು ಮಿಣಕ್ಕೆಂದವು, ಲಾಕು ಟಕ್ಕೆಂದಿತು.

"ಅಯ್ಯೋ ಅಮ್ಮಾ, ನನ್ನ ಕಾರು ನಿಮಗೆ ಕಣ್ಣು ಹೊಡೀತಲ್ರೀ!" ಡ್ರೈವರ್ ತಾಚೊ ಬಾಯಲ್ಲಿದ್ದ ರೊಟ್ಟಿ ಉದುರುವಂತೆ ನಕ್ಕ. "ನನಗೇ ಒಂದಿನಾನೂ ಹೊಡೆದಿಲ್ಲ, ಮುಂಡೇದು."

"ನನ್ನ ಮಗನ ಕಾರು ಕೆಂಪು. ಇದು ಯಾಕೆ ಓಗೊಡ್ತು?"

"ಹಳೇ ಪೆಟ್ಟಿಗೆ ಸುಟ್ಟೋಗಿತ್ತು. ನಿನ್ನೆ ಕ್ರಿಸ್ಪಿನ್ ಇನ್ಯಾವುದೋ ಕಾರಿಂದು ತಂದು ಹಾಕಿದ."

ಕ್ರಿಸ್ಪಿನ್ ತಾಚೊನತ್ತ ಕಣ್ಣು ಬಿಟ್ಟ. ಆದರೆ ಮಾತು ಹೊರಬಿದ್ದಾಗಿತ್ತು.

"ಡ್ಯಾಶ್‌ಬೋರ್ಡ್ ಹಿಂದೆ ಒಂದು ಪೆಟ್ಟಿಗೆ ಇರತ್ತೆ ದೋನ್ಯಾ," ಎಂದ ಕ್ರಿಸ್ಪಿನ್, ಹಿರಿಯ ಹೆಂಗಸರನ್ನು ಕರೆಯುವ ಗೌರವದಲ್ಲೇ. " ದೀಪ, ಲಾಕು, ಕಿಟಕಿ, ವೈಪರು, ಎಲ್ಲ ಅದರ ಕೈಲಿ. ನಾವು ಬರೀ ಗುಂಡಿ ಒತ್ತೋದು, ಮಾಡಿಸೋದು ಅದು. ಒಂದು ಕೀಲಿ ಗುರುತು ಮಾಡಿಸಿಟ್ರೆ ಅಳಿಸೋವರೆಗೂ ಮರೆಯಲ್ಲ." ಅಲ್ಲಿಗೆ ತಡೆದ. "ಕೆಲವು ಸಲ ಸುಮ್ಮಸುಮ್ಮನೆ ಯಾರ್ಯಾರ ಕೀಲಿಗೋ ಓಗೊಡತ್ತೆ. ಮನೆಗೆ ಹೋಗಿ." ಅವಳ ಮುಖ ಮಾತ್ರ ನೋಡಲಿಲ್ಲ.

ಎರ್ಲಿಂದಾ ಟ್ಯಾಕ್ಸಿಯ ಬಾಗಿಲು ತೆರೆದು ಮುಚ್ಚಿದಳು. ಒಳಗಿನ ದೀಪ ಉರಿಯುತ್ತಲೇ ಇತ್ತು.

"ಮೊದಲು ಬಾಗಿಲು ಹಾಕಿದ ತಕ್ಷಣ ಆರೋದು," ಎಂದ ತಾಚೊ.

"ನಮ್ಮ ಬೀದೀಲಿ ಕತ್ತಲೆ. ನನಗೆ ಮೊಣಕಾಲು ಬೇರೆ ನೋವು. ನಾನಿಳಿದು ಗೇಟು ಮುಟ್ಟೋವರೆಗೂ ಉರೀಲಿ ಅಂತ ನನ್ನ ಮಗ ಹೇಳಿ ಮಾಡಿಸಿದ್ದ."

ಬೆನ್ನು ತಿರುಗಿಸಿ, ತನ್ನ ಮನೆ ಮುಂದೆ ನಡೆಯುವಂತೆ, ಕಾಲೆಳೆಯುತ್ತ ನಡೆದಳು. ಗೇಟಿನಷ್ಟೇ ದೂರಕ್ಕಿದ್ದ ಅಂಗಡಿಯ ಕಂಬಕ್ಕೆ ಕೈ ತಾಗಿತು.

"ಆರ್ತಾ?"

"ಆರ್ತು," ಎಂದ ತಾಚೊ. ನಗು ಎಲ್ಲೋ ಹೋಗಿತ್ತು.

"ಕಾರು ಚೆನ್ನಾಗಿರೋವಾಗ ಆ ಪೆಟ್ಟಿಗೆ ಯಾರಾದ್ರೂ ಕೀಳ್ತಾರೇನಪ್ಪಾ?"

ಕ್ರಿಸ್ಪಿನ್ ಒರೆಸಿದ ಕೈಯನ್ನೇ ಒರೆಸಿದ. "ಇಲ್ಲ ದೋನ್ಯಾ. ಇದು ಮಾರಾಟಕ್ಕೆ ಬಂತು ಅಂದ್ರೆ ಕಾರು ಬಿಚ್ಚಿ ಮುಗೀತು ಅಂತ." ದನಿ ತಗ್ಗಿಸಿದ. "ರೈಲು ಹಳಿ ಆಚೆ, ಗುಜರಿ ಅಂಗಡಿ ಎಲಾದಿಯೊ ಹತ್ರ ತಂದಿದ್ದು. ನನ್ನ ಹೆಸರು ಎತ್ಬೇಡಿ. ಮನೇಲಿ ಹೆಣ್ಮಕ್ಕಳಿದಾರೆ."

ಮರುದಿನ ಬೆಳಿಗ್ಗೆ ಹೊಲಕ್ಕೆ ಹೊರಟ ತಾಯಂದಿರ ವ್ಯಾನಿಗೆ ಎರ್ಲಿಂದಾ ಕೈ ಅಡ್ಡ ಹಿಡಿದಳು. ಕೂತಿದ್ದವರು ಸರಿದು ಜಾಗ ಮಾಡಿದರು.

"ರೈಲು ಹಳಿ ಆಚೆ ಹೋಗೋಣ," ಎಂದಳು. "ನನಗೂ ಒಂದು ಸಲಾಕೆ ಕೊಡ್ರೇ."